ಬೀಜ ನಾಲ್ಕು ತಿಂಗಳು, ಕೆಲಸ ಹನ್ನೆರಡು ತಿಂಗಳು!

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಯಾವ ಹಾಡಿಗೆ ಹೊಕ್ಕರೂ ಗೇರುಮರ ಕಾಣುತ್ತದೆ. ಹಾಗಿದ್ದ ಮೇಲೆ ನಮ್ಮ ಗೇರುಬೀಜ ಕಾರ್ಖಾನೆಗಳಿಗೆ ಆಫ್ರಿಕಾದ ಬೀಜ ಎಂತಕ್ಕೆ ಮಾರಾಯ್ರೆ ಎಂದು ಕೇಳುವವರುಂಟು.

ಊರಿನ ಬೀಜ ಬರುವುದು ಫೆಬ್ರವರಿಯಿಂದ ಮೇ ತನಕ. ಮಳೆ ಹನಿ ಬಿತ್ತೋ, ಬೀಜ ಕಪ್ಪಾಯಿತು, ದರ ಇಳಿಯಿತು. ಆದರೆ ಬೀಜ ಒಡೆಯುವ, ಸಿಪ್ಪೆ ಸುಲಿಯುವ, ತಿರುಳು ವಿಂಗಡಿಸುವ ಹೆಂಗಸರ ಮನೆಯ ಒಲೆ ವರ್ಷವಿಡೀ ಉರಿಯಬೇಕಲ್ಲ! ಮೂಲವಸ್ತು ಸಾಲದ ಉದ್ಯಮದ ಗತಿ ಏನೆಂದು ಬ್ರಹ್ಮಾವರದವರಿಗೆ ಹೇಳಬೇಕಾಗಿಲ್ಲ. ಕಬ್ಬು ಸಾಲದೆ ಅಲ್ಲಿನ ಸಕ್ಕರೆ ಕಾರ್ಖಾನೆ 2000ದ ದಶಕದಲ್ಲಿ ನಿಂತೇ ಹೋಯಿತು.

ಐವರಿ ಕೋಸ್ಟ್, ಬೆನಿನ್ ಕಡೆಯ ಕೊಯ್ಲೂ ಹೆಚ್ಚುಕಡಿಮೆ ನಮ್ಮದೇ ಹೊತ್ತಿಗೆ. ಟಾಂಜಾನಿಯಾದ್ದು ಅಕ್ಟೋಬರ್ ನಂತರ. ಅಂದರೆ ಮಳೆಗಾಲ ದಾಟುವಷ್ಟು ಬೀಜವನ್ನು ಬೇಸಿಗೆಯಲ್ಲೇ ಕೊಂಡು ಗೋದಾಮು ತುಂಬಿಸಬೇಕು. ಬೀಜ ಗೋದಾಮಿನಲ್ಲಿ ಮಲಗಿರುತ್ತದೆ, ಬ್ಯಾಂಕಿನ ಬಡ್ಡಿ ಮಲಗುವುದಿಲ್ಲ. ಹಡಗು ಮಂಗಳೂರು ಬಂದರಿಗೆ ಮುಟ್ಟುವುದರೊಳಗೆ ತಿರುಳಿನ ಪೇಟೆ ಇಳಿದರೆ ದೇವರೇ ಗತಿ. ಮೇಲಿಂದ ಆಮದು ಸುಂಕ ಬೇರೆ. ಅದನ್ನು 2018ರ ಬಜೆಟ್ಟಿನಲ್ಲಿ ಶೇಕಡಾ 5ರಿಂದ 2.5ಕ್ಕೆ ಇಳಿಸಲಾಯಿತು. ಆದರೇನು, ಅದೇ ಆಫ್ರಿಕಾದ ಬೀಜಕ್ಕೆ ವಿಯೆಟ್ನಾಂನವರೂ ಯಂತ್ರ ಇಟ್ಟುಕೊಂಡು ಕೈ ಹಾಕುತ್ತಾರೆ.

ಇನ್ನು ಅಸಲಿನ ಲೆಕ್ಕ. ಈ ವ್ಯಾಪಾರದಲ್ಲಿ ಬೀಜದ ಗುಣ ಅಳೆಯುವುದೇ 80 ಕಿಲೋ ಮೂಟೆಗೆ ಎಷ್ಟು ಪೌಂಡ್ ತಿರುಳು ಎಂದು. 48 ಪೌಂಡ್ ಎಂದರೆ ಸುಮಾರು 22 ಕಿಲೋ. 44 ಪೌಂಡ್ ಎಂದರೆ 20 ಕಿಲೋ. ಬೀಜ ಕಿಲೋಗೆ 100 ರೂಪಾಯಿ ಎಂದೇ ಇಟ್ಟುಕೊಳ್ಳಿ. ಮೂಟೆಗೆ 8000 ಆಯಿತು. ಮೊದಲನೆಯದರಲ್ಲಿ ತಿರುಳಿಗೆ ಬೀಳುವ ಅಸಲು ಕಿಲೋಗೆ 364, ಎರಡನೆಯದರಲ್ಲಿ 400. ಕೂಲಿ, ಕರೆಂಟು, ಡಬ್ಬ ಇನ್ನೂ ಸೇರಿಲ್ಲ! ಒಡೆಯುವಾಗ ತಿರುಳು ಹೋಳಾದರೆ ಮತ್ತೆ ದರ ಇಳಿಯುತ್ತದೆ. ಇಡೀ ತಿರುಳಿಗೆ 240, 320 ಎಂದು ನಂಬರು. ಪೌಂಡಿಗೆ ಸುಮಾರು ಅಷ್ಟು ತಿರುಳು ಎಂದರ್ಥ. ನಂಬರು ಸಣ್ಣದಾದಷ್ಟು ತಿರುಳು ದೊಡ್ಡದು, ಬೆಲೆಯೂ ದೊಡ್ಡದು. ಕೈ ಹಿಡಿಯುವುದು ಚಿಪ್ಪು. ಅದರಿಂದ ಎಣ್ಣೆ ತೆಗೆಯುತ್ತಾರೆ.

ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂಬುದು 2020ರಲ್ಲಿ ಗೊತ್ತಾಯಿತು. ಮಾರ್ಚ್ 25ರಿಂದ ಲಾಕ್‌ಡೌನ್, ಬೀಜ ಉದುರುವ ಕಾಲ. ಹಾಡಿಯಲ್ಲಿ ಬೀಜ ಇದ್ದೂ ಕೊಳ್ಳುವವರಿಲ್ಲ, ಕೈಗಳಿದ್ದೂ ಕೆಲಸವಿಲ್ಲ.

ಆಫ್ರಿಕಾದ ದರ, ಹಡಗಿನ ಬಾಡಿಗೆ ನಮ್ಮವರ ಕೈಯಲ್ಲಿಲ್ಲ. ಕೈಯಲ್ಲಿರುವುದು ಊರಿನ ಬೀಜದ ಒಣಗು. ಹಸಿ ಬೀಜ ತೂಕಕ್ಕೆ ಲಾಭ, ಗೋದಾಮಿನಲ್ಲಿ ಬೂಸಲು. ಎರಡು ಮೂರು ಬಿಸಿಲು ಕಂಡ ಬೀಜಕ್ಕೆ ಅಂಗಡಿಯಲ್ಲಿ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಬೆಳೆಗಾರ ಒಣಗಿಸಿಯೇ ತರುತ್ತಾನೆ. ಹಸಿಗೂ ಒಣಗಿದ್ದಕ್ಕೂ ಒಂದೇ ದರ ಎಂದಾದರೆ ಅಂಗಳದಲ್ಲಿ ಬೀಜ ಹರಡಿ, ಕಾಗೆ ಓಡಿಸುತ್ತಾ ಕೂರುವವರು ಯಾರು?