ದುಬಾರಿ ರೈಫಲ್ ಸ್ಕೋಪ್: ಕೊಳ್ಳುವ ಮುನ್ನ ತೂಗಿ ನೋಡಬೇಕಾದ ಕೊರತೆಗಳು

ಅಮೆರಿಕ ಹಾಗೂ ಯುರೋಪಿನಲ್ಲಿ ಶರತ್ಕಾಲ ಸಮೀಪಿಸುತ್ತಿದ್ದಂತೆ ಜಿಂಕೆ ಬೇಟೆಯ ಸಿದ್ಧತೆ ಆರಂಭವಾಗುತ್ತದೆ. ಅದರೊಂದಿಗೆ ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪಿನ ವ್ಯಾಪಾರವೂ ಚುರುಕಾಗುತ್ತದೆ. 200ರಿಂದ 400 ಡಾಲರ್ ತೆತ್ತರೆ ಸಾಮಾನ್ಯ ಬೇಟೆಗೆ ಸಾಲುವಂಥ ಸ್ಕೋಪ್ ದೊರೆಯುತ್ತದೆ. ಮೇಲ್ದರ್ಜೆಯದು ಬೇಕೆಂದರೆ 2,000ದಿಂದ 4,000 ಡಾಲರ್ ತೆರಬೇಕು. ಎಷ್ಟೋ ವೇಳೆ ರೈಫಲ್ಲಿಗಿಂತ ಅದರ ಮೇಲಿನ ಸ್ಕೋಪಿನ ಬೆಲೆಯೇ ಹೆಚ್ಚಾಗಿರುತ್ತದೆ.

ಆಸ್ಟ್ರಿಯದ ಸ್ವರೋವ್‌ಸ್ಕಿ ಮತ್ತು ಕಾಲೆಸ್, ಜರ್ಮನಿಯ ಝೈಸ್, ಲೈಕಾ ಮತ್ತು ಶ್ಮಿಟ್ ಅಂಡ್ ಬೆಂಡರ್, ಅಮೆರಿಕದ ನೈಟ್‌ಫೋರ್ಸ್ ಈ ದರ್ಜೆಯಲ್ಲಿ ಮುಂಚೂಣಿಯಲ್ಲಿರುವ ಹೆಸರುಗಳು. ಇವುಗಳ ಗುಣಮಟ್ಟದ ಬಗ್ಗೆ ತಕರಾರಿಲ್ಲ. ಆದರೆ ಹತ್ತು ಪಟ್ಟು ಹಣ ಕೊಟ್ಟು ಪಡೆದ ಸಾಮರ್ಥ್ಯದಲ್ಲಿ ಎಷ್ಟು ಪಾಲು ಕಾಡಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಅದರ ಜತೆಗೆ ಬರುವ ತೊಂದರೆಗಳೇನು ಎಂಬುದನ್ನು ಕೊಳ್ಳುವ ಮುನ್ನವೇ ಲೆಕ್ಕ ಹಾಕಬೇಕಾಗುತ್ತದೆ. ಈ ಲೆಕ್ಕ ತಪ್ಪಿದರೆ ನಷ್ಟ ಬೇಟೆಗಾರನ ಜೇಬಿಗೆ ಮಾತ್ರವಲ್ಲ, ಗಾಯಗೊಂಡು ಪೊದೆ ಸೇರುವ ಪ್ರಾಣಿಗೂ ಉಂಟು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ ಅದಕ್ಕೆ 1991ರಲ್ಲಿ ತಂದ ತಿದ್ದುಪಡಿಯ ನಂತರ ವಿನೋದದ ಬೇಟೆಗೆ ಅವಕಾಶವಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದ್ದರೂ ಅದು ಬೇಟೆಗೆ ನೀಡಿದ ಅನುಮತಿಯಲ್ಲ. ಆದುದರಿಂದ ಇಲ್ಲಿನ ವಿವರಗಳು ಬೇಟೆ ಕಾನೂನುಬದ್ಧವಾಗಿರುವ ದೇಶಗಳಿಗೆ, ಅಲ್ಲಿ ನೆಲೆಸಿ ಅಲ್ಲಿನ ಪರವಾನಗಿ ಪಡೆಯಬಯಸುವವರಿಗೆ ಮಾತ್ರ ಅನ್ವಯಿಸುತ್ತವೆ.

ಬೆಳಕಿನ ಲೆಕ್ಕಾಚಾರ

ದುಬಾರಿ ಸ್ಕೋಪಿನ ಪರವಾಗಿ ಮೊದಲು ಕೇಳಿಬರುವ ಮಾತು ಮಬ್ಬು ಬೆಳಕಿನಲ್ಲೂ ಅದು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದು. ಮಾತು ಸುಳ್ಳಲ್ಲ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 4ರಷ್ಟನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಹತ್ತು ಮಸೂರಗಳಿರುವ ಕೊಳವೆಯಲ್ಲಿ ಇಂಥ ಇಪ್ಪತ್ತು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಬೆಳಕು ನಷ್ಟವಾಗುತ್ತದೆ. ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಪ್ರತಿಫಲನ ತಡೆಯುವ ಲೇಪನವನ್ನು ರೂಪಿಸಿದ ಬಳಿಕ ಈ ನಷ್ಟ ತಗ್ಗುತ್ತಾ ಬಂದಿತು. ಇಂದು ಮಧ್ಯಮ ಬೆಲೆಯ ಸ್ಕೋಪುಗಳಲ್ಲೂ ಹಲವು ಪದರಗಳ ಲೇಪನವಿರುತ್ತದೆ. ಹೀಗಾಗಿ ಮೊದಲಿದ್ದ ದೊಡ್ಡ ಅಂತರ ಈಗ ಕಿರಿದಾಗಿದೆ.

ಉದಾಹರಣೆಗೆ, ಒಂದು ಸ್ಕೋಪ್ ಶೇ. 90ರಷ್ಟು, ಇನ್ನೊಂದು ಶೇ. 95ರಷ್ಟು ಬೆಳಕನ್ನು ಕಣ್ಣಿಗೆ ತಲುಪಿಸುತ್ತದೆ ಎಂದಿಟ್ಟುಕೊಳ್ಳೋಣ. ಸೂರ್ಯಾಸ್ತದ ನಂತರದ ಅರ್ಧ ಗಂಟೆಯಲ್ಲಿ ಬಯಲಿನ ಬೆಳಕು ಸುಮಾರು ನಾಲ್ಕೈದು ನಿಮಿಷಕ್ಕೊಮ್ಮೆ ಅರ್ಧದಷ್ಟಾಗುತ್ತಾ ಹೋಗುತ್ತದೆ. ಆ ಲೆಕ್ಕದಲ್ಲಿ ಹೆಚ್ಚುವರಿ ಶೇ. 5ರಿಂದ ಬೇಟೆಗಾರನಿಗೆ ದೊರೆಯುವುದು ಅರ್ಧ ನಿಮಿಷಕ್ಕಿಂತಲೂ ಕಡಿಮೆ ಸಮಯ.

ಕಾನೂನಿನ ಮಿತಿಯೂ ಇದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ಬಳಿಕದವರೆಗೆ ಮಾತ್ರ ಜಿಂಕೆ ಬೇಟೆಗೆ ಅವಕಾಶ. ಆ ಹೊತ್ತಿನಲ್ಲಿ ತೆರೆದ ಬಯಲಿನಲ್ಲಿ ಸಾಧಾರಣ ಸ್ಕೋಪಿನಲ್ಲೂ ಪ್ರಾಣಿ ಕಾಣಿಸುತ್ತದೆ. ಜರ್ಮನಿಯಲ್ಲಿ ಬೆಳದಿಂಗಳಲ್ಲಿ ಕಾಡುಹಂದಿಗಾಗಿ ಕಾದು ಕೂರುವ ಪದ್ಧತಿ ಇರುವುದರಿಂದಲೇ ಅಲ್ಲಿ ಎಂಟು ಪಟ್ಟು ವರ್ಧನೆಯ, 56 ಮಿ.ಮೀ. ಮುಂಮಸೂರದ ಸ್ಕೋಪ್ ಜನಪ್ರಿಯವಾಯಿತು. ಅಲ್ಲಿನ ಅಗತ್ಯಕ್ಕೆ ಹುಟ್ಟಿದ ಉಪಕರಣ ಎಲ್ಲೆಡೆಗೂ ಹೊಂದೀತೆಂದು ಹೇಳಲಾಗದು. ಜರ್ಮನಿ 2020ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದು, ಪರವಾನಗಿ ಪಡೆದ ಬೇಟೆಗಾರರು ಸ್ಕೋಪಿಗೆ ಜೋಡಿಸುವ ರಾತ್ರಿ ದೃಷ್ಟಿ ಸಾಧನ ಬಳಸಲು ದಾರಿ ತೆರೆದ ಮೇಲೆ ದೊಡ್ಡ ಮಸೂರದ ಅನಿವಾರ್ಯತೆ ಅಲ್ಲಿಯೂ ಸ್ವಲ್ಪ ತಗ್ಗಿದೆ. ಆದರೆ ಅಲ್ಲಿನ ರಾಜ್ಯಗಳ ಬೇಟೆ ನಿಯಮಗಳು ಪ್ರತ್ಯೇಕವಾಗಿರುತ್ತವೆ.

ಕಣ್ಣಿನ ವಯಸ್ಸು

ಸ್ಕೋಪಿನಿಂದ ಹೊರಬೀಳುವ ಬೆಳಕಿನ ವೃತ್ತದ ಅಗಲವನ್ನು ಕಂಡುಕೊಳ್ಳುವುದು ಸುಲಭ. ಮುಂಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಸಾಕು. 56 ಮಿ.ಮೀ. ಮಸೂರ, ಎಂಟು ಪಟ್ಟು ವರ್ಧನೆ ಎಂದರೆ 7 ಮಿ.ಮೀ. ವೃತ್ತ. ಕತ್ತಲಲ್ಲಿ ಇಪ್ಪತ್ತರ ಹರೆಯದವರ ಕಣ್ಣಿನ ಪಾಪೆ ಸುಮಾರು ಅಷ್ಟು ಅಗಲಕ್ಕೆ ಹಿಗ್ಗುತ್ತದೆ. ವಯಸ್ಸಾದಂತೆ ಪಾಪೆ ಹಿಗ್ಗುವ ಶಕ್ತಿ ಕುಂದುತ್ತದೆ. ಐವತ್ತು ದಾಟಿದವರಲ್ಲಿ ಅದು ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸಿನಲ್ಲಿರುತ್ತದೆ.

ಅಂಥವರ ಕಣ್ಣಿಗೆ 7 ಮಿ.ಮೀ. ವೃತ್ತದ ಅಂಚಿನ ಬೆಳಕು ಪ್ರವೇಶಿಸುವುದೇ ಇಲ್ಲ. ಎಂಟು ಪಟ್ಟು ವರ್ಧನೆಯಲ್ಲಿ ಅವರಿಗೆ 40 ಮಿ.ಮೀ. ಮಸೂರವೇ ಸಾಕು. ಇಷ್ಟು ದುಬಾರಿ ಸ್ಕೋಪ್ ಕೊಳ್ಳುವ ಶಕ್ತಿ ಅನೇಕರಿಗೆ ಬರುವುದು ಐವತ್ತರ ಹೊತ್ತಿಗೆ. ಅಷ್ಟರಲ್ಲಿ ಅದರ ಪೂರ್ಣ ಪ್ರಯೋಜನ ಪಡೆಯುವ ಕಣ್ಣು ಇಲ್ಲವಾಗಿರುತ್ತದೆ. ಕಣ್ಣಿನ ವೈದ್ಯರಲ್ಲಿ ಪಾಪೆಯ ಅಳತೆ ಮಾಡಿಸಿಕೊಂಡ ಮೇಲೆ ಮಸೂರದ ಗಾತ್ರ ನಿರ್ಧರಿಸುವುದು ವಿವೇಕ.

ವರ್ಧನೆ ಹೆಚ್ಚಿದಷ್ಟೂ ಅನುಕೂಲವೇ?

ಮೇಲ್ದರ್ಜೆಯ ಸ್ಕೋಪುಗಳಲ್ಲಿ ಐದರಿಂದ ಇಪ್ಪತ್ತೈದು ಪಟ್ಟಿನವರೆಗೆ ವರ್ಧನೆ ಬದಲಿಸಬಹುದಾದ ಮಾದರಿಗಳು ಸಾಮಾನ್ಯ. 56 ಮಿ.ಮೀ. ಮಸೂರವಿದ್ದರೂ ಇಪ್ಪತ್ತೈದು ಪಟ್ಟಿಗೆ ಏರಿಸಿದಾಗ ಹೊರಬೀಳುವ ಬೆಳಕಿನ ವೃತ್ತ 2.2 ಮಿ.ಮೀ.ಗೆ ಕುಗ್ಗುತ್ತದೆ. ಸಂಜೆಯ ಹೊತ್ತಿನಲ್ಲಿ ಚಿತ್ರ ಮಂಕಾಗುವುದಕ್ಕೆ ಇದೇ ಕಾರಣ. ಕಣ್ಣನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೂ ದೃಶ್ಯದ ಅಂಚು ಕಪ್ಪಾಗುತ್ತದೆ.

ದೃಷ್ಟಿಕ್ಷೇತ್ರವೂ ಕಿರಿದಾಗುತ್ತದೆ. ಮೂರು ಪಟ್ಟು ವರ್ಧನೆಯಲ್ಲಿ 100 ಮೀಟರ್ ದೂರದಲ್ಲಿ ಹತ್ತು ಹನ್ನೆರಡು ಮೀಟರ್ ಅಗಲದ ಪ್ರದೇಶ ಕಾಣಿಸಿದರೆ, ಹದಿನೈದು ಪಟ್ಟಿನಲ್ಲಿ ಕಾಣುವುದು ಎರಡೂವರೆ ಮೀಟರ್ ಮಾತ್ರ. ಮರಗಳ ನಡುವೆ ಚಲಿಸುವ ಪ್ರಾಣಿಯನ್ನು ಅಷ್ಟು ಕಿರಿದಾದ ಕಿಂಡಿಯಲ್ಲಿ ಹುಡುಕುವುದು ಕಷ್ಟ. ಪಕ್ಕದಲ್ಲಿ ಮರಿಯಿದೆಯೇ, ಹಿಂದೆ ಮನುಷ್ಯರಿದ್ದಾರೆಯೇ ಎಂಬುದೂ ಕಣ್ಣಿಗೆ ಬೀಳದೆ ಹೋಗಬಹುದು. ಜತೆಗೆ ಉಸಿರಾಟದ ಅಲುಗಾಟ, ನೆಲದಿಂದೇಳುವ ಬಿಸಿಗಾಳಿಯ ನಡುಕ ಎಲ್ಲವೂ ಹಿಗ್ಗಿ ಕಾಣಿಸುತ್ತವೆ. ಅದರಿಂದ ಗಲಿಬಿಲಿಗೊಂಡು ಕುದುರೆಯನ್ನು ಒಮ್ಮೆಲೇ ಸೆಳೆದುಬಿಡುವವರಿದ್ದಾರೆ.

ಗುರಿಗೆರೆಗಳ ಗೊಂದಲ

ಸ್ಕೋಪಿನೊಳಗಿನ ಗುರಿಗೆರೆ, ಅಂದರೆ ರೆಟಿಕಲ್ ಇರುವ ಸ್ಥಳವನ್ನು ಆಧರಿಸಿ ಎರಡು ಬಗೆಗಳಿವೆ. ‘ಫಸ್ಟ್ ಫೋಕಲ್ ಪ್ಲೇನ್’ ಬಗೆಯಲ್ಲಿ ವರ್ಧನೆ ಹೆಚ್ಚಿಸಿದಂತೆ ಗೆರೆಗಳೂ ದಪ್ಪವಾಗುತ್ತವೆ. ದೂರ ಅಳೆಯುವ ಗುರುತುಗಳು ಯಾವ ವರ್ಧನೆಯಲ್ಲೂ ಸರಿಯಾಗಿರುವುದರಿಂದ ಗುರಿಸ್ಪರ್ಧೆಗಳಲ್ಲಿ ಇದಕ್ಕೆ ಬೇಡಿಕೆ, ಬೆಲೆಯೂ ಹೆಚ್ಚು. ಆದರೆ ಬೇಟೆಯ ಬಹುಪಾಲು ನಡೆಯುವುದು ಕಡಿಮೆ ವರ್ಧನೆಯಲ್ಲಿ. ಆಗ ಗೆರೆಗಳು ಜೇಡರ ಎಳೆಯಂತೆ ತೆಳುವಾಗಿ, ಪೊದೆಯ ಹಿನ್ನೆಲೆಯಲ್ಲಿ ಕಾಣಿಸದೆ ಹೋಗುತ್ತವೆ.

‘ಸೆಕೆಂಡ್ ಫೋಕಲ್ ಪ್ಲೇನ್’ ಬಗೆಯಲ್ಲಿ ಗೆರೆಗಳ ದಪ್ಪ ಬದಲಾಗದು. ಆದರೆ ಅಳತೆಯ ಗುರುತುಗಳು ನಿಗದಿತವಾದ ಒಂದು ವರ್ಧನೆಯಲ್ಲಿ ಮಾತ್ರ ಸರಿಯಾಗಿರುತ್ತವೆ. ಇದನ್ನು ಮರೆತು ಬೇರೆ ವರ್ಧನೆಯಲ್ಲಿ ಆ ಗುರುತುಗಳನ್ನು ನಂಬಿದರೆ ಗುಂಡು ತಪ್ಪುತ್ತದೆ. ಇನ್ನೂರು ಮೀಟರ್‌ನೊಳಗೆ ಬೇಟೆಯಾಡುವವರಿಗೆ ಎರಡನೆಯ ಬಗೆಯ ಸರಳ ಗುರಿಗೆರೆಯೇ ಹೆಚ್ಚು ಉಪಯುಕ್ತ. ಅದಕ್ಕೆ ಹೆಚ್ಚು ಬೆಲೆ ತೆರಬೇಕಾಗಿಯೂ ಇಲ್ಲ.

ತೂಕ, ಎತ್ತರ, ಒದೆತ

ಮೂರರಿಂದ ಒಂಬತ್ತು ಪಟ್ಟು ವರ್ಧನೆಯ, 40 ಮಿ.ಮೀ. ಮಸೂರದ ಸಾಧಾರಣ ಸ್ಕೋಪ್ 350ರಿಂದ 450 ಗ್ರಾಂ ತೂಗುತ್ತದೆ. 34 ಮಿ.ಮೀ. ಕೊಳವೆಯ ದೊಡ್ಡ ಸ್ಕೋಪುಗಳ ತೂಕ ಒಂದು ಕಿಲೋ ಮುಟ್ಟುವುದುಂಟು. ಮೂರು ಕಿಲೋ ಆಸುಪಾಸಿನ ಬೇಟೆ ರೈಫಲ್ಲಿನ ಮೇಲೆ ಇಷ್ಟು ಭಾರ ಹೇರಿದರೆ ಅದರ ಸಮತೋಲ ಕೆಡುತ್ತದೆ. ಆಲ್ಪ್ಸ್ ಅಥವಾ ರಾಕಿ ಪರ್ವತಗಳಲ್ಲಿ ದಿನವಿಡೀ ಹೊತ್ತು ನಡೆಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮುಂಮಸೂರ ದೊಡ್ಡದಾದಷ್ಟೂ ಅದು ನಳಿಗೆಗೆ ತಾಗದಂತೆ ಸ್ಕೋಪನ್ನು ಎತ್ತರದಲ್ಲಿ ಕೂರಿಸಬೇಕಾಗುತ್ತದೆ. ಆಗ ಕೆನ್ನೆ ರೈಫಲ್ಲಿನ ಹಿಡಿಯ ಮೇಲೆ ಭದ್ರವಾಗಿ ನಿಲ್ಲದು. ತಲೆ ಎತ್ತಿ ನೋಡಬೇಕಾದುದರಿಂದ ಕಣ್ಣಿನ ಸ್ಥಾನ ಪ್ರತಿ ಸಲವೂ ಬದಲಾಗಿ, ಗುರಿಗೆರೆ ಪ್ರಾಣಿಯ ಮೇಲೆ ಸರಿದಂತೆ ತೋರುತ್ತದೆ. ಬಹುತೇಕ ಸ್ಕೋಪುಗಳಲ್ಲಿ ಕಣ್ಣು ಮತ್ತು ಹಿಂಮಸೂರದ ನಡುವೆ ಸುಮಾರು ಒಂಬತ್ತು ಸೆಂ.ಮೀ. ಅಂತರವಿರಬೇಕು. ಅವಸರದಲ್ಲಿ ಕತ್ತು ಮುಂದೆ ಚಾಚಿದರೆ ರೈಫಲ್ ಹಿಂದಕ್ಕೆ ಒದೆದಾಗ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ರಕ್ತ ಸುರಿಯುತ್ತದೆ. ದಪ್ಪ ಕೊಳವೆಗೆ ಬೇಕಾದ ಗಟ್ಟಿಮುಟ್ಟಾದ ಹಿಡಿಬಳೆಗಳ ಖರ್ಚು ಬೇರೆ. ಅಗ್ಗದ ಬಳೆಗಳಲ್ಲಿ ದುಬಾರಿ ಸ್ಕೋಪನ್ನು ಕೂರಿಸಿದರೆ ಕೊಟ್ಟ ಹಣವೆಲ್ಲ ವ್ಯರ್ಥ.

ತಿರುಗುಗುಂಡಿಗಳು ಮತ್ತು ಬ್ಯಾಟರಿ

ಗುರಿಯನ್ನು ಏರಿಳಿಸುವ ತಿರುಗುಗುಂಡಿಗಳು ಮೇಲ್ದರ್ಜೆಯ ಅನೇಕ ಮಾದರಿಗಳಲ್ಲಿ ಮುಚ್ಚಳವಿಲ್ಲದೆ ಹೊರಗಿರುತ್ತವೆ. ಒಂದು ‘ಮಿಲ್’ ತಿರುಗಿಸಿದರೆ 100 ಮೀಟರ್ ದೂರದಲ್ಲಿ ಗುಂಡು ಬೀಳುವ ಜಾಗ ಹತ್ತು ಸೆಂ.ಮೀ. ಬದಲಾಗುತ್ತದೆ. ಒಂದು ಸುತ್ತಿಗೆ ಹತ್ತು ಮಿಲ್ ಬದಲಾಗುವ ಸ್ಕೋಪಿನ ಗುಂಡಿ ಚೀಲದಲ್ಲೋ ಕೊಂಬೆಗೆ ತಗಲಿಯೋ ಒಂದು ಸುತ್ತು ತಿರುಗಿದರೆ ಗುಂಡು ಪೂರಾ ಒಂದು ಮೀಟರ್ ಆಚೀಚೆ ಹೋಗುತ್ತದೆ. ಆದ್ದರಿಂದ ಬೇಟೆಗೆ ಮುಚ್ಚಳವಿರುವ ಅಥವಾ ಬೀಗದ ವ್ಯವಸ್ಥೆಯಿರುವ ಗುಂಡಿಗಳೇ ಕ್ಷೇಮ.

ಬೆಳಗುವ ಗುರಿಗೆರೆಗೆ ಬ್ಯಾಟರಿ ಬೇಕು. ಕೊರೆಯುವ ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಂದುತ್ತದೆ. ಬೆಳಕು ತುಸು ಹೆಚ್ಚಾದರೂ ಅದರ ಝಳಕ್ಕೆ ಮಬ್ಬಿನಲ್ಲಿರುವ ಪ್ರಾಣಿಯೇ ಮರೆಯಾಗುತ್ತದೆ. ಕೆಲವು ಸ್ಕೋಪುಗಳಲ್ಲಿ ದೂರ ಅಳೆಯುವ ಲೇಸರ್ ಸಾಧನವೂ ಅಡಕವಾಗಿದೆ. ಅದು ಕೆಟ್ಟರೆ ಇಡೀ ಸ್ಕೋಪನ್ನೇ ದುರಸ್ತಿಗೆ ಕಳುಹಿಸಬೇಕು. ಖಾತರಿ ಪತ್ರವನ್ನು ಪೂರ್ತಿ ಓದುವುದು ಇದಕ್ಕಾಗಿಯೇ ಅಗತ್ಯ. ಮಸೂರ, ಕೊಳವೆಗಳಿಗಿರುವ ದೀರ್ಘ ಖಾತರಿ ಎಲೆಕ್ಟ್ರಾನಿಕ್ ಭಾಗಗಳಿಗೆ ಇರದಿರಬಹುದು. ಸೇವಾ ಕೇಂದ್ರ ಪರದೇಶದಲ್ಲಿದ್ದರೆ ಸ್ಕೋಪ್ ಮರಳುವಷ್ಟರಲ್ಲಿ ಬೇಟೆಯ ಋತುವೇ ಮುಗಿದಿರುತ್ತದೆ. ಎಲೆಕ್ಟ್ರಾನಿಕ್ ಸಾಧನಗಳ ಬಳಕೆಗೆ ಕೆಲವೆಡೆ ನಿರ್ಬಂಧವೂ ಇರುವುದರಿಂದ ಸ್ಥಳೀಯ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಬೇಕು.

ದೂರದ ಭ್ರಮೆ

ಇವೆಲ್ಲಕ್ಕಿಂತ ಗಂಭೀರವಾದ ಕೊರತೆ ಉಪಕರಣದಲ್ಲಿಲ್ಲ, ಅದು ಹುಟ್ಟಿಸುವ ನಂಬಿಕೆಯಲ್ಲಿದೆ. 450 ಮೀಟರ್ ದೂರದ ಜಿಂಕೆಯ ಕಿವಿಯೂ ಸ್ಪಷ್ಟವಾಗಿ ಕಂಡಾಗ ಹೊಡೆಯಬಹುದೆಂಬ ಧೈರ್ಯ ಸಹಜವಾಗಿ ಮೂಡುತ್ತದೆ. ಕಾಣುವುದು ಬೇರೆ, ಗುಂಡು ಅಲ್ಲಿಗೆ ತಲುಪುವುದು ಬೇರೆ.

ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ .308 ವಿಂಚೆಸ್ಟರ್ ಗುಂಡನ್ನು 100 ಮೀಟರ್ ದೂರದಲ್ಲಿ ಎರಡು ಸೆಂ.ಮೀ.ನಷ್ಟು ಪಕ್ಕಕ್ಕೆ ಸರಿಸಿದರೆ, 450 ಮೀಟರ್ ದೂರದಲ್ಲಿ ಸುಮಾರು ಅರ್ಧ ಮೀಟರ್ ಸರಿಸುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗದ ಅಗಲ 20ರಿಂದ 25 ಸೆಂ.ಮೀ. ಮಾತ್ರ. ಗಾಳಿಯ ಅಂದಾಜು ಅರ್ಧದಷ್ಟು ತಪ್ಪಿದರೂ ಗುಂಡು ಹೊಟ್ಟೆಗೆ ಬೀಳಬಹುದು. ಗುಂಡು ಅಷ್ಟು ದೂರ ಕ್ರಮಿಸಲು ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟಿರುತ್ತದೆ. ಗಾಳಿಯನ್ನಾಗಲಿ ಆ ಹೆಜ್ಜೆಯನ್ನಾಗಲಿ ತಡೆಯುವ ಮಸೂರ ಯಾವ ಬೆಲೆಗೂ ದೊರೆಯದು. ಹೊಟ್ಟೆಗೆ ಗುಂಡು ತಗಲಿದ ಜಿಂಕೆ ಕೂಡಲೇ ಸಾಯುವುದಿಲ್ಲ. ಗಂಟೆಗಟ್ಟಲೆ ನರಳುತ್ತದೆ, ಅನೇಕ ವೇಳೆ ಪತ್ತೆಯೂ ಆಗುವುದಿಲ್ಲ.

1887ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಮುಂದಾಳ್ತನದಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಎತ್ತಿಹಿಡಿದ ‘ಫೇರ್ ಚೇಸ್’ ತತ್ವ, ಪ್ರಾಣಿಗೂ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶವಿರಬೇಕೆಂದು ಹೇಳುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಪರಿಚಿತರಾದ ಕೆನೆತ್ ಆ್ಯಂಡರ್ಸನ್ ಅವರ .405 ವಿಂಚೆಸ್ಟರ್ ರೈಫಲ್ಲಿನ ಮೇಲೆ ರಾತ್ರಿ ವೇಳೆ ಇರುತ್ತಿದ್ದುದು ಒಂದು ಟಾರ್ಚ್. ಗುರಿಯ ಸಮೀಪಕ್ಕೆ ಹೋಗುವುದೇ ಆ ಕಾಲದ ಬೇಟೆಯ ಮುಖ್ಯ ವಿದ್ಯೆಯಾಗಿತ್ತು.

ಕೊಳ್ಳುವ ಮುನ್ನ

ಖರೀದಿಗೆ ಮುನ್ನ ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಒಳಿತು. ಈವರೆಗೆ ಗುಂಡು ಹಾರಿಸಿದ ಅತಿ ಹೆಚ್ಚಿನ ದೂರವೆಷ್ಟು? ಅಲ್ಲಿನ ಕಾನೂನು ಸಂಜೆ ಎಷ್ಟು ಹೊತ್ತಿನವರೆಗೆ ಬೇಟೆಗೆ ಅವಕಾಶ ಕೊಡುತ್ತದೆ? ಕತ್ತಲಲ್ಲಿ ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆ? ರೈಫಲ್ ಹೊತ್ತು ದಿನಕ್ಕೆ ಎಷ್ಟು ದೂರ ನಡೆಯಬೇಕು? ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲ ಸ್ಕೋಪುಗಳೂ ಚೆನ್ನಾಗಿಯೇ ಕಾಣುತ್ತವೆ. ಸಾಧ್ಯವಾದರೆ ಸಂಜೆ ಹೊತ್ತು ಅಂಗಡಿಯ ಹೊರಗೆ ತಂದು, ಎರಡು ಮೂರು ಬೆಲೆಯ ಸ್ಕೋಪುಗಳನ್ನು ಒಂದೇ ವರ್ಧನೆಯಲ್ಲಿಟ್ಟು ಹೋಲಿಸಿ ನೋಡಬೇಕು.

ಇರುಳಿನಲ್ಲಿ ಕಾಡುಹಂದಿಗಾಗಿ ಕಾಯುವ ಜರ್ಮನಿಯ ಬೇಟೆಗಾರನಿಗೆ, ಮಳೆ ಹಿಮಗಳಲ್ಲಿ ವರ್ಷವಿಡೀ ದುಡಿಯುವ ವೃತ್ತಿಪರನಿಗೆ ದುಬಾರಿ ಸ್ಕೋಪ್ ಕೊಟ್ಟ ಹಣಕ್ಕೆ ತಕ್ಕ ಸೇವೆ ಸಲ್ಲಿಸೀತು. ವರ್ಷಕ್ಕೆ ನಾಲ್ಕು ದಿನ, ನೂರೈವತ್ತು ಮೀಟರ್‌ನೊಳಗೆ ಬೇಟೆಯಾಡುವವರಿಗೆ ಮಧ್ಯಮ ಬೆಲೆಯದು ಸಾಕು. ಉಳಿದ ಹಣದಲ್ಲಿ ತೋಟೆಗಳನ್ನು ಕೊಂಡು ಗುರಿ ಅಭ್ಯಾಸ ಮಾಡಿದರೆ ಬೇಟೆಗಾರನಿಗೆ ಕೈ ಪಳಗುತ್ತದೆ, ಪ್ರಾಣಿಗೆ ನರಳಾಟ ತಪ್ಪುತ್ತದೆ.