ತಿರುಗುತ್ತದೆ, ಹಿಡಿಯುವುದಿಲ್ಲ

ಲಾರಿಯ ಕ್ಯಾಮ್ ಶಾಫ್ಟ್ ಬದಲಾಯಿಸಿ, ಟೈಮಿಂಗ್ ಕವರ್ ಮುಚ್ಚಿ, ರೇಡಿಯೇಟರ್ ಕೂರಿಸಿ, ಆಯಿಲ್ ತುಂಬಿ ಆಗಿದೆ. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ, ಭದ್ರಾವತಿಯ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಇಂಜಿನ್ ಕೆಲಸ ಮಾಡುವವರಿಗೆ ಇದಕ್ಕಿಂತ ಕಷ್ಟದ ಗಳಿಗೆ ಇಲ್ಲ. ಮಾಲೀಕರು ಪಕ್ಕದಲ್ಲೇ ನಿಂತಿರುತ್ತಾರೆ, ಲೋಡು ಕಾಯುತ್ತಿರುತ್ತದೆ, ಬ್ಯಾಟರಿ ಇಳಿಯುತ್ತಿರುತ್ತದೆ. ಹಾಕಿರುವುದೆಲ್ಲ ಹೊಸ ಸಾಮಾನು, ಬಿಲ್ಲೂ ಆಗಿಹೋಗಿದೆ. ಮೇಸ್ತ್ರಿಯ ನಿಜವಾದ ಕಸುಬು ಶುರುವಾಗುವುದೇ ಇಲ್ಲಿಂದ.

ಹೊರಗಿನಿಂದ ನೋಡಿದವರಿಗೆ ಆಟೊ ಕಾಂಪ್ಲೆಕ್ಸ್ ಎಂದರೆ ಎಣ್ಣೆ ಕುಡಿದ ನೆಲ, ವೆಲ್ಡಿಂಗ್ ಕಿಡಿ, ಗದ್ದಲ. ಒಳಗೆ ಹೋದರೆ ಒಬ್ಬೊಬ್ಬರದು ಒಂದೊಂದು ಕೆಲಸ. ಬಾಡಿ ಕಟ್ಟುವವರು, ಸ್ಪ್ರಿಂಗ್ ಪ್ಲೇಟು ಕೂರಿಸುವವರು, ಲೇತಿನವರು, ಸೆಲ್ಫು ಡೈನಮೊ ಬಿಚ್ಚುವ ಎಲೆಕ್ಟ್ರಿಷಿಯನ್ನರು, ಪಂಪು ನಾಝಲ್ ಮಾತ್ರ ಮುಟ್ಟುವವರು. ಹುಲಿಕಲ್ ಘಾಟಿ ಹತ್ತಿಳಿಯುವ ಲಾರಿಗಳು, ಅಡಿಕೆ, ಭತ್ತ, ಶುಂಠಿ ಹೊರುವ ಗಾಡಿಗಳು, ಟಿಪ್ಪರುಗಳು ಇವರ ಕೈಗೆ ಬರುತ್ತವೆ. ಈ ಎಲ್ಲರ ಕೆಲಸ ಕೊನೆಗೆ ಇಂಜಿನ್ ಮೇಸ್ತ್ರಿಯ ಕಿವಿಗೆ ಒಪ್ಪಿಗೆಯಾಗಬೇಕು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ 500 ಡಿಗ್ರಿ ಸೆಲ್ಸಿಯಸ್ ಮೀರುವಷ್ಟು ಕಾಯಿಸುತ್ತದೆ. ಅದೇ ಕ್ಷಣಕ್ಕೆ ನಾಝಲ್ ಡೀಸೆಲ್ ಚಿಮ್ಮಿಸಿದರೆ ಬೆಂಕಿ ಹತ್ತುತ್ತದೆ. ವಾಲ್ವುಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎನ್ನುವುದನ್ನು ನಡೆಸುವುದು ಕ್ಯಾಮ್ ಶಾಫ್ಟ್. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ಸುತ್ತುವಷ್ಟರಲ್ಲಿ ಅದು ಒಂದು ಸುತ್ತು ಹಾಕಬೇಕು. ಹಾಗಾಗಿ ಕ್ಯಾಮ್ ಗೇರಿಗೆ ಕ್ರ್ಯಾಂಕ್ ಗೇರಿನ ಎರಡರಷ್ಟು ಹಲ್ಲು. ಕ್ರ್ಯಾಂಕ್ ಗೇರಿನಲ್ಲಿ 30 ಹಲ್ಲುಗಳಿವೆ ಎಂದುಕೊಳ್ಳಿ. ಎರಡೂ ಗೇರುಗಳ ಮಾರ್ಕ್ ಹೊಂದಿಸಿ ಕೂರಿಸುವಾಗ ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 12 ಡಿಗ್ರಿ ಆಚೀಚೆಯಾಯಿತು. ಲಾರಿ ಏಳದಿರಲು ಅಷ್ಟು ಸಾಕಾಗಬಹುದು. ಕಮಿನ್ಸ್ 6ಬಿಟಿಯಂಥ ಇಂಜಿನ್ನುಗಳಲ್ಲಿ ಡೀಸೆಲ್ ಪಂಪಿನ ಗೇರನ್ನೂ ಕ್ಯಾಮ್ ಗೇರೇ ತಿರುಗಿಸುವುದರಿಂದ ವಾಲ್ವಿನ ವೇಳೆಯ ಜೊತೆಗೆ ಡೀಸೆಲ್ಲಿನ ವೇಳೆಯೂ ಕೆಡುತ್ತದೆ.

ಒಳ್ಳೆಯ ಮೇಸ್ತ್ರಿಗಳು ಮೊದಲು ಮಾಡುವ ಕೆಲಸ ಸೆಲ್ಫಿನಿಂದ ಕೈ ತೆಗೆಸುವುದು. ಮತ್ತೆ ಮತ್ತೆ ಹೊಡೆದರೆ ಬ್ಯಾಟರಿ ಸಾಯುತ್ತದೆ, ಒಳಗೆ ವಾಲ್ವು ಪಿಸ್ಟನ್ನಿಗೆ ತಾಗುತ್ತಿದ್ದರೆ ವಾಲ್ವು ತೆರೆಸುವ ಪುಶ್ ರಾಡುಗಳು ಬಾಗುತ್ತವೆ. ಆಮೇಲೆ ಒಂದೇ ಒಂದು ಸಲ ಹೊಡೆಸಿ ಕಿವಿ ಕೊಡುತ್ತಾರೆ. ಸಮವಾದ ಲಯದಲ್ಲಿ ಭಾರವಾಗಿ ತಿರುಗಿದರೆ ಒತ್ತಡ ಹುಟ್ಟುತ್ತಿದೆ ಎಂದರ್ಥ. ಹಗುರವಾಗಿ, ಸರಾಗವಾಗಿ ಸುತ್ತಿದರೆ ವಾಲ್ವುಗಳು ಪೂರ್ತಿ ಮುಚ್ಚುತ್ತಿಲ್ಲ: ಟ್ಯಾಪೆಟ್ ಸಂದು ಬಿಗಿಯಾಗಿರಬೇಕು, ಪುಶ್ ರಾಡ್ ತನ್ನ ಗುಳಿಯಲ್ಲಿ ಕೂತಿರಲಿಕ್ಕಿಲ್ಲ, ಇಲ್ಲವೇ ಟೈಮಿಂಗ್ ದೂರ ಹೋಗಿರಬೇಕು. ಲಯದ ನಡುವೆ ಒಂದು ಕಡೆ ಜಾರಿದಂತೆ ಕೇಳಿದರೆ ಒಂದು ಸಿಲಿಂಡರು ಮಾತ್ರ ಸೋತಿದೆ. ತಿರುಗುತ್ತಾ ತಿರುಗುತ್ತಾ ತಟಕ್ಕನೆ ನಿಂತರೆ ಇನ್ನು ಕೈಯಿಂದಲೇ ತಿರುಗಿಸಿ ನೋಡಬೇಕು.

ಮುಂದಿನ ಸಾಕ್ಷಿ ಸೈಲೆನ್ಸರಿನದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರನ್ನು ಮುಟ್ಟುತ್ತಿಲ್ಲ. ಕೆಲಸದ ವೇಳೆ ಪೈಪು, ಫಿಲ್ಟರು ಬಿಚ್ಚಿದ್ದರೆ ಏರ್ ಹಿಡಿದಿರುತ್ತದೆ. ಹ್ಯಾಂಡ್ ಪಂಪು ಒತ್ತಿ, ಬ್ಲೀಡ್ ಬೋಲ್ಟು ಸಡಿಲಿಸಿ, ಗುಳ್ಳೆ ಹೋಗಿ ಡೀಸೆಲ್ ಮಾತ್ರ ಬರುವ ತನಕ ಏರ್ ತೆಗೆಯಬೇಕು. ಸ್ಟಾಪ್ ಕೇಬಲ್ ಎಳೆದೇ ಉಳಿದಿದೆಯೇ, ಸೊಲೆನಾಯ್ಡಿನ ವೈರು ಕಳಚಿದೆಯೇ ಎಂದು ನೋಡುವುದೂ ಈಗಲೇ. ಬೆಳ್ಳಗೆ ದಟ್ಟ ಹೊಗೆ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಕ್ಯಾಮ್ ಮುಟ್ಟಿದ ಇಂಜಿನ್ನಿನಲ್ಲಿ ಬಿಳಿ ಹೊಗೆ ಕಂಡರೆ ಮೊದಲ ಅನುಮಾನ ಟೈಮಿಂಗಿನ ಮೇಲೆ.

ನನ್ನ ಮಟ್ಟಿಗೆ ಈ ಕಸುಬಿನ ಅತ್ಯಂತ ಚೆಂದದ ಭಾಗ ಇದರ ನಂತರದ್ದು. ವಾಲ್ವ್ ಕವರ್ ಬಿಚ್ಚಿ, ಇಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುಗಿಸುತ್ತಾ, ವಾಲ್ವುಗಳನ್ನು ಒತ್ತುವ ರಾಕರುಗಳ ಕುಣಿತ ನೋಡುವುದು. ಹಳೆಯ ಟಾಟಾ 697 ಇರಲಿ, ಕಮಿನ್ಸ್ 6ಬಿಟಿ ಇರಲಿ, ಆರು ಸಿಲಿಂಡರುಗಳು ಉರಿಯುವ ಸರದಿ 1-5-3-6-2-4. ಒಂದನೆಯ ಮತ್ತು ಆರನೆಯ ಪಿಸ್ಟನ್ನುಗಳು ಒಟ್ಟಿಗೇ ಮೇಲೆ ಬರುತ್ತವೆ, ಆದರೆ ಮಾಡುವ ಕೆಲಸ ಬೇರೆ. ಆರನೆಯದರಲ್ಲಿ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ ಇನ್‌ಲೆಟ್ ತೆರೆಯಲು ಹೊರಟಾಗ ಒಂದನೆಯದರಲ್ಲಿ ಎರಡೂ ಮುಚ್ಚಿ ಗಾಳಿ ಒತ್ತಿಕೊಂಡಿರಬೇಕು. ಅದೇ ಹೊತ್ತಿಗೆ ಕೆಳಗೆ ಕ್ರ್ಯಾಂಕಿನ ಮಾರ್ಕು ಸೂಜಿಗೆ ನೇರವಾಗಿದ್ದರೆ ಕ್ಯಾಮ್ ಸರಿಯಾಗಿ ಕೂತಿದೆ. ಮಾರ್ಕು ಬರುವ ಮೊದಲೋ ದಾಟಿದ ಮೇಲೋ ಆ ಕುಣಿತ ಕಂಡರೆ ಹಲ್ಲು ತಪ್ಪಿದೆ, ಇಲ್ಲವೇ ಗೇರನ್ನು ಶಾಫ್ಟಿಗೆ ಹಿಡಿದಿರುವ ಕೀ ಸರಿಯಾಗಿ ಕೂತಿಲ್ಲ. ಮತ್ತೆ ಟೈಮಿಂಗ್ ಕವರ್ ಬಿಚ್ಚದೆ ದಾರಿಯಿಲ್ಲ.

ಕ್ಯಾಮ್ ಸರಿಯಿದ್ದೂ ಬಿಳಿ ಹೊಗೆ ಬಿಡುವ ಇಂಜಿನ್ನುಗಳುಂಟು. ಪಿಸ್ಟನ್ ಮೇಲೆ ಬರುವುದು ಎರಡು ಸಲ: ಒಮ್ಮೆ ಗಾಳಿ ಒತ್ತಲು, ಒಮ್ಮೆ ಸುಟ್ಟ ಹೊಗೆ ತಳ್ಳಲು. ಪಂಪನ್ನು ಈ ಎರಡನೆಯದಕ್ಕೆ ಹೊಂದಿಸಿ ಕೂರಿಸಿಬಿಟ್ಟರೆ ಎಲ್ಲ ಮಾರ್ಕುಗಳೂ ಸರಿಯಾಗಿ ಕಂಡರೂ ಡೀಸೆಲ್ ಪೂರ್ತಿ ಒಂದು ಸುತ್ತು ತಪ್ಪಿ ಚಿಮ್ಮುತ್ತದೆ. ಒಂದನೆಯ ಸಿಲಿಂಡರಿನ ಪೈಪಿನ ನಟ್ಟು ಸಡಿಲಿಸಿ, ಡೀಸೆಲ್ ಜಿನುಗುವ ಹೊತ್ತಿಗೆ ರಾಕರುಗಳು ಯಾವ ಸ್ಥಿತಿಯಲ್ಲಿವೆ ಎಂದು ನೋಡಿದರೆ ಗುಟ್ಟು ಹೊರಬೀಳುತ್ತದೆ. ಇಂಥ ಪಂಪುಗಳನ್ನು ಮಾಡುತ್ತಿದ್ದ, 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಆಯಿತು. ಗ್ಯಾರೇಜಿನಲ್ಲಿ ಇಂದಿಗೂ ಅದು ಮೈಕೋ ಪಂಪು.

ಈ ತಾಳ್ಮೆ ಇಲ್ಲದ ಕಡೆ ಎರಡು ಅಡ್ಡದಾರಿ ಹಿಡಿಯುತ್ತಾರೆ: ಇನ್ನೊಂದು ಲಾರಿಗೆ ಕಟ್ಟಿ ಎಳೆಸುವುದು, ಏರ್ ಫಿಲ್ಟರಿನ ಬಾಯಿಗೆ ಪೆಟ್ರೋಲೋ ಈಥರೋ ಬಿಡುವುದು. ಕ್ಯಾಮ್ ಬದಲಾಯಿಸಿದ ಇಂಜಿನ್ನಿಗೆ ಇವೆರಡೂ ಕೊಲೆ. ಟೈಮಿಂಗ್ ತಪ್ಪಿದ್ದರೆ ಎಳೆತದ ರಭಸಕ್ಕೆ ವಾಲ್ವು ಪಿಸ್ಟನ್ನಿಗೆ ಹೊಡೆಯುತ್ತದೆ. ಈಥರ್ ಅಕಾಲದಲ್ಲಿ ಸಿಡಿದು ರಿಂಗು ಮುರಿಯುತ್ತದೆ. ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಹಾಕಿ ಹಣ ಉಳಿಸುವುದೂ ಹಾಗೆಯೇ. ಸವೆದ ಟ್ಯಾಪೆಟ್ ಹೊಸ ಕ್ಯಾಮನ್ನು ಬೇಗ ತಿಂದುಹಾಕುತ್ತದೆ.

ಈ ಕಸುಬು ಇಲ್ಲಿ ಬೇರೂರಿದ್ದಕ್ಕೆ ನೆಲದ ಗುಣವೂ ಕಾರಣ ಎಂದು ನನಗನಿಸುತ್ತದೆ. ಹಿಂದೆ ಬೆಂಕಿಪುರ ಎನ್ನಿಸಿಕೊಂಡಿದ್ದ ಭದ್ರಾವತಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ಕಬ್ಬಿಣ ಕಾರ್ಖಾನೆಯ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಹೊರಬಂತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ನಷ್ಟದಲ್ಲಿದ್ದ ಅದನ್ನು ಎತ್ತಿ ನಿಲ್ಲಿಸಿದವರು ವಿಶ್ವೇಶ್ವರಯ್ಯನವರು. ಮುಂದೆ ಅದು ಅವರದೇ ಹೆಸರು ಹೊತ್ತು ವಾಹನ, ರೈಲ್ವೆ, ರಕ್ಷಣಾ ಕೆಲಸಗಳಿಗೆ ಬೇಕಾದ ಮಿಶ್ರಲೋಹದ ಉಕ್ಕು ಮಾಡಿತು. 1936ರಲ್ಲಿ ಕಾಗದ ಕಾರ್ಖಾನೆಯೂ ಬಂತು. ಪಾಳಿ ಕೆಲಸ, ಗೇಜು, ಅಳತೆ ಎಂಬ ಮಾತುಗಳು ಮನೆಮಾತಾಗಿದ್ದ ಊರಿದು. ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಅದೇ ವರ್ಷ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಶಿವಮೊಗ್ಗ, ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಎರಕದ ಕೆಲಸ ನಡೆದೇ ಇದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮದ ಲಾರಿಗಳಲ್ಲಿ ಡೀಸೆಲ್ ಚಿಮ್ಮುವ ವೇಳೆಯನ್ನು ಕಂಪ್ಯೂಟರ್ ಹೇಳುತ್ತದೆ. ಕ್ರ್ಯಾಂಕಿಗೊಂದು, ಕ್ಯಾಮಿಗೊಂದು ಸೆನ್ಸರ್. ಎರಡೂ ತಾಳೆಯಾಗದಿದ್ದರೆ ಇಂಜಿನ್ ಏಳದೇ ಇರಬಹುದು, ಸ್ಕ್ಯಾನರ್ ಒಂದು ಕೋಡ್ ತೋರಿಸುತ್ತದೆ. ತಪ್ಪಿರುವುದು ಸೆನ್ಸರೋ, ವೈರೋ, ಗೇರಿನ ಹಲ್ಲೋ ಎನ್ನುವುದನ್ನು ಆ ಕೋಡ್ ತಾನಾಗಿ ಹೇಳುವುದಿಲ್ಲ. ಹುಡುಕುವ ಬುದ್ಧಿ ಹೊಸ ಲಾರಿಗೂ ಬೇಕು.

ನಮ್ಮಲ್ಲಿ ಆ ಬುದ್ಧಿಗೆ ಬಿಲ್ಲಿನಲ್ಲಿ ಜಾಗವಿಲ್ಲ. ಕ್ಯಾಮಿಗೆ, ಟ್ಯಾಪೆಟ್ಟಿಗೆ, ಗ್ಯಾಸ್ಕೆಟ್ಟಿಗೆ ಚೌಕಾಸಿಯಿಲ್ಲದೆ ಹಣ ಕೊಡುತ್ತೇವೆ. ಅರ್ಧ ದಿನ ರಾಕರು ನೋಡುತ್ತಾ ಕೂತ ಮೇಸ್ತ್ರಿಗೆ ಕೊಡುವಾಗ, ಸುಮ್ಮನೆ ಕೂತಿದ್ದರಲ್ಲ ಎನ್ನುತ್ತೇವೆ. ಐಟಿಐಗಳಲ್ಲಿ ಮೆಕ್ಯಾನಿಕ್ ಡೀಸೆಲ್ ಕಲಿಸುವವರು ಈ ಮೇಸ್ತ್ರಿಗಳನ್ನು ತರಗತಿಗೆ ಕರೆಸಲಿ, ಒಂದು ಇಂಜಿನ್ನಿನ ಟೈಮಿಂಗ್ ಬೇಕೆಂದೇ ತಪ್ಪಿಸಿಟ್ಟು ಹುಡುಗರಿಗೆ ಹುಡುಕಲು ಬಿಡಲಿ. ಲಾರಿ ಮಾಲೀಕರಲ್ಲಿ ಕೇಳಿಕೊಳ್ಳುವುದು ಇಷ್ಟೆ: ಕ್ಯಾಮ್ ಹಾಕಿಸಿದ ದಿನವೇ ಲೋಡು ಒಪ್ಪಿಕೊಳ್ಳಬೇಡಿ, ಮೇಸ್ತ್ರಿಗೆ ಇನ್ನೊಂದು ದಿನ ಕೊಡಿ, ಆ ದಿನದ ಕೂಲಿಯನ್ನೂ ಸೇರಿಸಿ ಕೊಡಿ.