ಆಕ್ಸಿಲರೇಟರ್ ಒತ್ತಿದರೆ ಸ್ಪೀಕರ್ ಯಾಕೆ ‘ಕುಂಯ್’ ಅನ್ನುತ್ತೆ?

ಒಂದು ಪರೀಕ್ಷೆ ಮಾಡಿ ನೋಡಿ. ಕಾರು ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಓಡುತ್ತಿರಲಿ. ಹಾಡು ನಿಲ್ಲಿಸಿ, ಮೆಲ್ಲಗೆ ಆಕ್ಸಿಲರೇಟರ್ ಒತ್ತಿ. ಸ್ಪೀಕರ್‌ನಿಂದ ‘ಕುಂಯ್’ ಅನ್ನೋ ಸದ್ದು ಬಂದು, ಎಂಜಿನ್ ಜೊತೆಗೇ ಏರಿ ಇಳಿದರೆ ಅದು ಆಲ್ಟರ್ನೇಟರ್‌ನ ಕಾಟ. ಏರಿಳಿಯದೆ ಒಂದೇ ಸಮನೆ ‘ಸ್ಸ್’ ಅಂತಿದ್ದರೆ ಬಹುತೇಕ ಆಂಪ್ಲಿಫೈಯರ್‌ನ ಗೇನ್ ಜಾಸ್ತಿಯಾಗಿದೆ, ಇಳಿಸಿ ನೋಡಿ.

ನಮ್ಮ ಕಾರಿಗೆ ಒಳ್ಳೆಯ ಸ್ಪೀಕರ್, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಹಾಕಿಸಿದ ಮೇಲೆ ಶುರುವಾಗಿದ್ದು ಆ ‘ಕುಂಯ್’. ಸಿನಿಮಾ ಹಾಡಿನ ಅಬ್ಬರದಲ್ಲಿ ಅದು ಮುಚ್ಚಿಹೋಗುತ್ತಿತ್ತು. ಆದರೆ ಅಪ್ಪ ಕೇಳೋದು ಮಲ್ಲಿಕಾರ್ಜುನ ಮನ್ಸೂರರನ್ನು. ತಂಬೂರಿ ಪಕ್ಕದಲ್ಲಿ ಶ್ರುತಿ ತಪ್ಪಿದ ಇನ್ನೊಂದು ತಂಬೂರಿ ಕೂತ ಹಾಗಿತ್ತು. ‘ಬಂದ್ ಮಾಡೋ ಇದನ್ನ’ ಅಂದರು. ಆಂಪ್ಲಿಫೈಯರ್ರೇ ಬದಲಾಯಿಸಬೇಕು, 18 ಸಾವಿರ ಆಗುತ್ತೆ ಅಂತ ಅಂಗಡಿಯವರ ತೀರ್ಪು.

ಹಣ ಕೊಡುವ ಮುಂಚೆ ಸದ್ದು ಎಲ್ಲಿಂದ ಬರುತ್ತೆ ಅಂತ ಹುಡುಕೋಣ ಅನ್ನಿಸಿತು. ಆಲ್ಟರ್ನೇಟರ್ ಹುಟ್ಟಿಸೋದು ಎಸಿ ಕರೆಂಟು. ಒಳಗಿನ ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ, ಆದರೆ ಸಣ್ಣ ಅಲೆ ಉಳಿದೇ ಉಳಿಯುತ್ತೆ. ಇನ್ನು ಕಾರಿನ ಲೋಹದ ಮೈಯೇ ಎಲ್ಲದಕ್ಕೂ ನೆಗೆಟಿವ್ ತಂತಿ. ಮುಂದಿರುವ ಸ್ಟೀರಿಯೊ ಒಂದು ಕಡೆ, ಹಿಂದಿರುವ ಆಂಪ್ಲಿಫೈಯರ್ ಇನ್ನೊಂದು ಕಡೆ ಅರ್ತ್ ಆದಾಗ ಆ ಎರಡು ಜಾಗಗಳ ವೋಲ್ಟೇಜಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತೆ. ಅದು ಎರಡನ್ನೂ ಜೋಡಿಸುವ ಆರ್‌ಸಿಎ ಕೇಬಲ್ಲಿನಲ್ಲಿ ಹರಿಯುತ್ತೆ. ಆಂಪ್ಲಿಫೈಯರ್ ಪಾಪ, ಅದನ್ನೂ ಸಂಗೀತ ಅಂದುಕೊಂಡು ದೊಡ್ಡದು ಮಾಡುತ್ತೆ. ಗ್ರೌಂಡ್ ಲೂಪ್ ಅನ್ನೋದು ಇದಕ್ಕೇ.

ಸಿಸ್ಟಮ್ ಆಫ್ ಮಾಡಿ, ಆಂಪ್ಲಿಫೈಯರ್‌ನಿಂದ ಆರ್‌ಸಿಎ ಕಳಚಿ, ಮತ್ತೆ ಎಂಜಿನ್ ಓಡಿಸಿದೆ. ‘ಕುಂಯ್’ ಮಾಯ! ಅಂದರೆ ಆಂಪ್ಲಿಫೈಯರ್ ಚೆನ್ನಾಗೇ ಇದೆ, ಸದ್ದು ಕೇಬಲ್ಲಿನ ದಾರಿಯಲ್ಲಿ ಬರ್ತಿದೆ.

ಡಿಕ್ಕಿಯ ಮ್ಯಾಟ್ ಎತ್ತಿದರೆ ಉತ್ತರ ಅಲ್ಲೇ ಇತ್ತು. ಅರ್ತ್ ತಂತಿ ಸಣ್ಣದು, ಒಂದು ಮೀಟರ್ ಉದ್ದ. ಅದರ ಸ್ಕ್ರೂ ಕೂತಿದ್ದು ಪೇಂಟ್ ಮೇಲೆ! ಬ್ಯಾಟರಿಯ ನೆಗೆಟಿವ್ ಕಳಚಿಟ್ಟು, ಪೇಂಟನ್ನು ಲೋಹ ಹೊಳೆಯುವ ತನಕ ಉಜ್ಜಿದೆ. ಪಾಸಿಟಿವ್ ತಂತಿಯಷ್ಟೇ ದಪ್ಪದ, ಅರ್ಧ ಮೀಟರಿಗಿಂತ ಚಿಕ್ಕ ತಂತಿ ಹಾಕಿ ಬಿಗಿದೆ. ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆ. ಸೀಟ್ ಬೆಲ್ಟಿನ ಬೋಲ್ಟು ಕೈಗೆ ಸಿಗುತ್ತೆ ಅಂತ ಅದಕ್ಕೆ ಮಾತ್ರ ಕಟ್ಟಬೇಡಿ, ಅದು ಜೀವ ಕಾಯೋ ಬೋಲ್ಟು. ಹೊಸ ತೂತು ಕೊರೆಯುವುದಾದರೆ ಕೆಳಗೆ ಪೆಟ್ರೋಲ್ ಟ್ಯಾಂಕ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಸದ್ದು ಮುಕ್ಕಾಲು ಪಾಲು ಹೋಯಿತು. ಬ್ಯಾಟರಿಯ ದಪ್ಪ ತಂತಿ, ಆರ್‌ಸಿಎ ಕೇಬಲ್ ಎರಡನ್ನೂ ಒಂದೇ ಕಟ್ಟಾಗಿ ಎಳೆದಿದ್ದರು. ಆರ್‌ಸಿಎಯನ್ನು ಕಾರಿನ ಇನ್ನೊಂದು ಬದಿಗೆ ತಂದ ಮೇಲೆ ಉಳಿದದ್ದೂ ನಿಂತಿತು. ಒಂದು ಭಾನುವಾರ, 500 ರೂಪಾಯಿಯೊಳಗಿನ ಸಾಮಾನು. ದಪ್ಪ ತಂತಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇದೆಯಾ ಅಂತಲೂ ಆಗಲೇ ನೋಡಿಕೊಂಡೆ. ಸದ್ದಿಗೂ ಅದಕ್ಕೂ ಸಂಬಂಧವಿಲ್ಲ, ಬೆಂಕಿಗೆ ಇದೆ.

ಆಂಪ್ಲಿಫೈಯರ್ ಇಲ್ಲದವರಿಗೂ ಈ ಕಾಟ ಉಂಟು. ಫೋನನ್ನು ಆಕ್ಸ್ ವಯರಿಗೂ ಕಾರಿನ ಚಾರ್ಜರಿಗೂ ಒಟ್ಟಿಗೆ ಸಿಕ್ಕಿಸಿದಾಗ ‘ಕುಂಯ್’ ಬಂತಾ? ಚಾರ್ಜರ್ ಕಿತ್ತು ನೋಡಿ. ನಿಂತರೆ ಅದೂ ಗ್ರೌಂಡ್ ಲೂಪೇ. ಬ್ಲೂಟೂತ್‌ಗೆ ಬದಲಾಯಿಸಿಕೊಂಡರೆ ಸಾಕು. ಆಕ್ಸೇ ಬೇಕು ಅಂದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಪುಟ್ಟ ಡಬ್ಬಿ ಸಿಗುತ್ತೆ. ತೀರಾ ಅಗ್ಗದ್ದು ಬೇಡ, ಸದ್ದಿನ ಜೊತೆ ಬೇಸನ್ನೂ ನುಂಗಬಹುದು.